ಹೊತ್ತು ಮುಳುಗಿದ ಮೇಲಿನ ಅನ್ನ

ಈ ಕಥೆಯನ್ನು ಮೊದಲು ಹೇಳಿದವಳು ಗುತ್ಯಮ್ಮ. ೧೯೪೬ರ ಬೇಸಿಗೆಯಲ್ಲಿ, ನಿಟ್ಟೂರಿನ ನಮ್ಮ ಮನೆಯ ಅಂಗಳದಲ್ಲಿ ಹಲಸಿನ ಹಪ್ಪಳ ಒತ್ತುತ್ತಾ ಹೇಳಿದಳು. ಹಪ್ಪಳಕ್ಕೆಂದು ಏಳೆಂಟು ಹೆಂಗಸರು ಸೇರಿದರೆ ಒಂದು ಕಥೆ ಬೇಕೇ ಬೇಕು. ಇಲ್ಲದಿದ್ದರೆ ಹಿಟ್ಟಿನ ಉಂಡೆ ಹಪ್ಪಳವಾಗುವ ಮೊದಲೇ ಬಾಯಿಗೆ ಹೋಗುತ್ತದೆ. ಅವತ್ತು ನಮ್ಮ ಚಿಕ್ಕಮ್ಮ ಹುಲಿಯಮ್ಮ, "ರಾಜ ರಾಣಿ ಸಾಕು ಗುತ್ಯಕ್ಕಾ, ನೀನು ಕಂಡದ್ದು ಹೇಳು" ಅಂದಳು. ಗುತ್ಯಮ್ಮ ಕೈ ನಿಲ್ಲಿಸದೆ, "ಹಾಗಾದ್ರೆ ನಿಮ್ಮೂರಿಗೆ ಬರಬೇಕಾಗಿದ್ದ ನರ್ಸಮ್ಮನ ಕಥೆ ಹೇಳ್ತೀನಿ. ನಗೋದು ಜಾಸ್ತಿ ಇಲ್ಲ" ಅಂದಳು.

ಗುತ್ಯಮ್ಮ ಮೊದಲು ಮೇಳಿಗೆಯಲ್ಲಿ ಶ್ರೇಯಾಂಸ ಶೆಟ್ಟರ ಮನೆಯಲ್ಲಿ ಭತ್ತ ಕುಟ್ಟುತ್ತಿದ್ದವಳು. ಶೆಟ್ಟರು ಜೈನರು, ಬಟ್ಟೆ ಅಂಗಡಿಯವರು. ಹೆಂಡತಿ ಇರಲಿಲ್ಲ, ಎರಡು ಹೆಣ್ಣುಮಕ್ಕಳು. ಶೆಟ್ಟರ ಕಣ್ಣಿಗೆ ಪೊರೆ ಬಂದಿತ್ತು. ಹಾಗಾಗಿ ದೊಡ್ಡ ಮಗಳ ಕಾಗದ ಬಂದರೆ ಶಾಲೆಯ ವೀರಕುಮಾರ ಮೇಷ್ಟ್ರು ಅಂಗಡಿಯ ಜಗಲಿಯಲ್ಲಿ ಕೂತು ಓದುವರು. ಶೆಟ್ಟರು ಹೇಳಿದ ಉತ್ತರವನ್ನು ಅಲ್ಲೇ ಬರೆಯುವರು. ಮೇಷ್ಟ್ರ ಗಂಟಲು ಚೆನ್ನಾಗಿತ್ತು. ಕಾಗದ ಬಂತೆಂದರೆ ಪುರಾಣಕ್ಕೆ ಸೇರುವಷ್ಟು ಜನ. ಒರಳಿನ ಹತ್ತಿರ ನಿಂತು ಕೇಳಿಕೇಳಿ ಗುತ್ಯಮ್ಮನಿಗೆ ಅವೆಲ್ಲ ಬಾಯಿಪಾಠ. ಆಮೇಲೆ ಆ ಕಾಗದದ ಕಟ್ಟೇ ನಮ್ಮ ಕೈಗೆ ಬಂತು. ಕಾಗದದಲ್ಲಿದ್ದಂತೆಯೇ ಇಲ್ಲಿ ಬರೆದಿದ್ದೇನೆ. ನಡುವೆ ಬರುವುದು ಗುತ್ಯಮ್ಮನ ಮಾತು.

ಸಾಗರ
೧೨ ಏಪ್ರಿಲ್ ೧೯೩೮

ಶ್ರೀ ವೀತರಾಗಾಯ ನಮಃ

ತೀರ್ಥರೂಪ ಅಪ್ಪಯ್ಯನವರ ಪಾದಗಳಿಗೆ ಮಗಳು ಜ್ವಾಲಾಮಾಲಿನಿಯ ನಮಸ್ಕಾರಗಳು.

ಶಾಲೆಗೆ ರಜೆ ಬರುತ್ತಿದೆ. ಊರಿಗೆ ಬರುವ ಮೊದಲೇ ಈ ವಿಷಯ ಬರೆಯುತ್ತಿದ್ದೇನೆ. ಎದುರಿಗೆ ಹೇಳಿದರೆ ನೀವು ಮಾತು ತಿರುಗಿಸಿ ಹಲಸಿನಹಣ್ಣು ಕೊಯ್ಯಲು ಕೂತುಬಿಡುತ್ತೀರಿ. ನಾನು ಉಪಾಧ್ಯಾಯಿನಿ ಕೆಲಸ ಬಿಡುತ್ತೇನೆ. ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ ನರ್ಸ್ ಕೆಲಸ ಕಲಿಸುತ್ತಾರೆ, ಮೂರು ವರ್ಷ. ಅರ್ಜಿ ಹಾಕಿದ್ದೆ, ಬರಬಹುದೆಂದು ಉತ್ತರ ಬಂದಿದೆ.

ನೀವು ಏನು ಕೇಳುತ್ತೀರೆಂದು ಗೊತ್ತು. ಹದಿನಾರಕ್ಕೆ ಗಂಡನನ್ನು ಕಳೆದುಕೊಂಡ ಮಗಳನ್ನು ಮೂಲೆಗೆ ಕೂರಿಸದೆ, ಊರವರ ಬಾಯಿಗೆ ಬಿದ್ದು ಮೈಸೂರಿಗೆ ಕಳಿಸಿ ಬಿ.ಎ. ಓದಿಸಿದ್ದು ಇದಕ್ಕೋ? ಅಪ್ಪಯ್ಯ, ಹೋದ ಜೂನಿನಲ್ಲಿ ನನ್ನ ತರಗತಿಯಲ್ಲಿ ಹದಿನಾಲ್ಕು ಹುಡುಗಿಯರಿದ್ದರು. ಮಳೆ ಮುಗಿದು ಚಳಿಜ್ವರ ಇಳಿಯುವಾಗ ಹತ್ತು ಜನ. ಸತ್ತವರ ಹೆಸರಿನ ಮುಂದೆ 'ಶಾಲೆ ಬಿಟ್ಟಿದ್ದಾಳೆ' ಎಂದು ಬರೆದೆ, ಹಾಜರಿ ಪುಸ್ತಕದಲ್ಲಿ ಬೇರೆ ಮಾತಿಗೆ ಜಾಗವಿಲ್ಲ. ಕೆರಿಯಮ್ಮ ಎಂಬ ಒಂಬತ್ತು ವರ್ಷದವಳು ಜ್ವರದ ತಾಪದಲ್ಲಿ ನನ್ನ ಕೈ ಹಿಡಿದು ಮಗ್ಗಿ ಒಪ್ಪಿಸಿದಳು. ಹದಿನೇಳರ ಮಗ್ಗಿ ತಪ್ಪಿತು. ತಿದ್ದಿದೆ. ನನಗೆ ಬರುತ್ತಿದ್ದದ್ದು ಅಷ್ಟೇ. ಗಂಡಸು ಡಾಕ್ಟರು ಹೆಣ್ಣುಮಗುವಿನ ಮೈ ಮುಟ್ಟಬಾರದೆಂದು ಅವರ ಮನೆಯವರು ಯಾರನ್ನೂ ಕರೆದಿರಲಿಲ್ಲ.

ಹೊಸನಗರದಿಂದ ಆಚೆ, ನಿಟ್ಟೂರಿನವರೆಗೆ, ಜ್ವರದವರನ್ನು ನೋಡಿಕೊಳ್ಳಲು ಕಲಿತ ಹೆಂಗಸು ಒಬ್ಬಳೂ ಇಲ್ಲ. ಕಲಿತು ಬಂದು ಆ ಕಡೆಗೆ ಹೋಗಿ ಕೂರುತ್ತೇನೆ. ಬೇಡ ಎನ್ನಬೇಡಿ.

ಇಂತಿ ನಿಮ್ಮ ಮಗಳು,
ಮಾಲಿನಿ

ಮೇಳಿಗೆ
೨೬ ಏಪ್ರಿಲ್ ೧೯೩೮

ಚಿ. ಮಾಲಿನಿಗೆ ಅಪ್ಪಯ್ಯನ ಆಶೀರ್ವಾದಗಳು. ಇತ್ತ ಕ್ಷೇಮ.

ನಿನ್ನ ಕಾಗದವನ್ನು ವೀರಕುಮಾರ ಓದಿದ. ಜಗಲಿಯಲ್ಲಿ ಇದ್ದವರೆಲ್ಲ ಕೇಳಿದರು. ಪುಟ್ಟಪ್ಪ, "ಶೆಟ್ರೇ, ಬಿ.ಎ. ಪಾಸಾದ ಕೈಲಿ ಕಂಡವರ ಹೇಲು ಬಳಿಸ್ತೀರಾ?" ಅಂದ. ಎಲ್ಲರೂ ನಕ್ಕರು. ನಾನೂ ನಕ್ಕೆ. ನಗದಿದ್ದರೆ ಅವನು ಇನ್ನೂ ಒಂದು ಮಾತು ಸೇರಿಸುತ್ತಿದ್ದ.

ಬಸದಿಯಲ್ಲಿ ಹಿರಿಯರು ಕೂಡಿದ್ದರು. ಆಸ್ಪತ್ರೆಯಲ್ಲಿ ಯಾರ ಕೈಯ ಅನ್ನವೋ, ಯಾವ ಹೊತ್ತಿನ ಊಟವೋ, ಹೋದವಳು ನಮ್ಮವಳಾಗಿ ಉಳಿಯುವುದಿಲ್ಲ ಎಂದರು. ಅವಳ ಹಿಂದೆ ತಂಗಿ ಪದ್ಮಲತಾ ಇದ್ದಾಳೆ, ನಾಳೆ ಹೆಣ್ಣು ಕೇಳಲು ಬಂದವರು ಅಕ್ಕನ ವಿಷಯ ಕೇಳಿಯೇ ಕೇಳುತ್ತಾರೆ ಎಂದರು. ಆಗ ನಾನು ಎದ್ದು ನಿಂತೆ. ನನ್ನ ಮಗಳು ಅನಂತನಾಥ ಸ್ವಾಮಿಯ ಎದುರು ನೇಮ ಹಿಡಿಯುತ್ತಾಳೆ, ಮೂರು ವರ್ಷವೂ ಹೊತ್ತು ಮುಳುಗಿದ ಮೇಲೆ ಒಂದು ಅಗುಳು ಬಾಯಿಗೆ ಹಾಕುವುದಿಲ್ಲ ಎಂದೆ. ಆಮೇಲೆ ಎಲ್ಲರೂ ಒಪ್ಪಿ ಎದ್ದರು.

ನಮ್ಮ ಮನೆಯಲ್ಲಿ ತೊಟ್ಟಿಲ ಮಗುವಿಗೂ ಕಷ್ಟವಲ್ಲದ ನೇಮ ಇದು. ನೀನು ಹುಟ್ಟಿದಾಗಿನಿಂದ ದೀಪ ಹಚ್ಚಿದ ಮೇಲೆ ಉಂಡವಳಲ್ಲ. ಬಂದು ಹಿಡಿ. ಹಿಡಿದು ಹೋಗು.

ಶ್ರೇಯಾಂಸ ಶೆಟ್ಟಿ
ಬರಹ ವೀರಕುಮಾರನದು

ಶೆಟ್ಟರ ಮಗಳು ಬಂದರು, ಬಸದಿಯಲ್ಲಿ ನೇಮ ಹಿಡಿದರು, ಎಂದಳು ಗುತ್ಯಮ್ಮ. ಹೊರಡುವ ದಿನ ಅಪ್ಪನ ಕಾಲಿಗೆ ಬಿದ್ದು ಏಳುವಾಗ ನಗುತ್ತಿದ್ದರಂತೆ. ಇಷ್ಟು ಸುಲಭಕ್ಕೆ ಬಿಟ್ಟುಕೊಟ್ಟರಲ್ಲ ಎಂದು.

ಬೆಂಗಳೂರು
೧೦ ಜುಲೈ ೧೯೩೮

ತೀರ್ಥರೂಪ ಅಪ್ಪಯ್ಯನವರಿಗೆ ನಮಸ್ಕಾರಗಳು.

ಬಂದು ಐದು ವಾರವಾಯಿತು. ನನ್ನ ಜೊತೆ ಕಲಿಯುವವರಿಗೆ ಹದಿನೆಂಟು ಹತ್ತೊಂಬತ್ತು ವರ್ಷ. ನನಗೆ ಇಪ್ಪತ್ತೇಳು. 'ಬಿ.ಎ. ಅಕ್ಕ' ಎಂದು ಕರೆಯುತ್ತಾರೆ, ಹಾಸಿಗೆಯ ದುಪ್ಪಟಿ ಮೂಲೆ ಮಡಿಸುವುದು ತಪ್ಪಿದರೆ "ಬಿ.ಎ.ಯಲ್ಲಿ ಇದು ಹೇಳಿಕೊಡಲಿಲ್ಲವಾ ಅಕ್ಕಾ?" ಎಂದು ನಗುತ್ತಾರೆ. ಒಂದೇ ಕೋಣೆಯಲ್ಲಿರುವ ಮನೋರಮಾ ಮಂಗಳೂರಿನವಳು, ನನಗೆ ಮಡಿಸಿ ತೋರಿಸುತ್ತಾಳೆ, ನಾನು ಅವಳಿಗೆ ಇಂಗ್ಲಿಷು ಬಿಡಿಸಿ ಹೇಳುತ್ತೇನೆ. ಮೇಟ್ರನ್ ಮೊದಲ ದಿನ ನನ್ನ ಸರ್ಟಿಫಿಕೇಟು ನೋಡಿ, ತಿಂಗಳೊಳಗೆ ನೀನು ಶಾಲೆಗೆ ವಾಪಸು ಓಡುತ್ತೀಯೆ ಎಂದಿದ್ದರು. ತಿಂಗಳು ಕಳೆಯಿತು.

ಪುಟ್ಟಪ್ಪನವರಿಗೆ ಹೇಳಿ, ಬಳಿದೆ. ಎರಡು ದಿನ ಊಟ ಸೇರಲಿಲ್ಲ, ಮೂರನೆಯ ದಿನ ಸೇರಿತು. ಅದು ಕೈ ತೊಳೆದರೆ ಹೋಗುತ್ತದೆ. ಹಾಜರಿ ಪುಸ್ತಕದ ಶಾಯಿ ಹೋಗಿರಲಿಲ್ಲ.

ಇಲ್ಲಿ ತಿಂಗಳಿಗೊಮ್ಮೆ ನಮ್ಮನ್ನು ತೂಗುತ್ತಾರೆ. ಮೂಟೆಯ ಹಾಗೆ ಸಾಲಾಗಿ ನಿಲ್ಲಬೇಕು. ನಾನು ನೂರಾ ಒಂದು ಪೌಂಡು. ಮೊದಲ ಐದು ತಿಂಗಳು ಹಗಲಿನ ಕೆಲಸವೇ ಇರುವುದರಿಂದ ಐದು ಗಂಟೆಗೆ ಉಣ್ಣುತ್ತೇನೆ. ಆಲೂಗಡ್ಡೆ, ಈರುಳ್ಳಿ ತೆಗೆದಿಟ್ಟರೆ ತಟ್ಟೆಯಲ್ಲಿ ಅನ್ನ ಮಜ್ಜಿಗೆ ಉಳಿಯುತ್ತದೆ. ಸಾಕು. ನೇಮ ನಡೆದಿದೆ.

ನಿಮ್ಮ ಮಗಳು,
ಮಾಲಿನಿ

ಮೇಳಿಗೆ
೧೪ ಸೆಪ್ಟೆಂಬರ್ ೧೯೩೮

ಚಿ. ಮಾಲಿನಿಗೆ ಆಶೀರ್ವಾದಗಳು.

ನಿನ್ನ ಕಾಗದಗಳನ್ನು ಓದಿಸಿ ಕೇಳುವುದೇ ನಮ್ಮ ಜಗಲಿಗೆ ಹಬ್ಬವಾಗಿದೆ. ಶಾಯಿಯ ಮಾತು ಓದಿದಾಗ ಪುಟ್ಟಪ್ಪ ಎದ್ದು ಎಮ್ಮೆ ಹುಡುಕಲು ಹೋದ. ಅವನ ಎಮ್ಮೆ ಕೊಟ್ಟಿಗೆಯಲ್ಲೇ ಇತ್ತು.

ನೋಂಪಿ ವ್ರತದ ದಿನ ಬಸದಿಯಲ್ಲಿ ಪಂಡಿತರು ಹೆಣ್ಣುಮಕ್ಕಳನ್ನು ಕೂರಿಸಿಕೊಂಡು ನಿನ್ನ ವಿಷಯ ಹೇಳಿದರು. ಪಟ್ಟಣದಲ್ಲಿ, ರೋಗಿಗಳ ನಡುವೆ ಇದ್ದೂ ಶ್ರೇಯಾಂಸ ಶೆಟ್ಟರ ಮಗಳು ನೇಮ ಬಿಡಲಿಲ್ಲ, ನೋಡಿ ಕಲಿಯಿರಿ ಎಂದರು. ನನ್ನ ಕಣ್ಣಿಗೆ ಪೊರೆ ಬಂದದ್ದು ಒಳ್ಳೆಯದಾಯಿತು, ನೀರು ಬಂದರೆ ಅದರಿಂದಲೇ ಎಂದುಕೊಳ್ಳುತ್ತಾರೆ. ತೀರ್ಥಹಳ್ಳಿಯ ಒಂದು ಒಳ್ಳೆಯ ಮನೆಯವರು ಪದ್ಮಲತಾಳನ್ನು ಕೇಳಿದ್ದಾರೆ. ಹುಡುಗನ ಹೆಸರು ಧನ್ಯಕುಮಾರ. ಅಕ್ಕನ ನೇಮದ ಮಾತು ಅವರ ಕಿವಿಗೂ ಬಿದ್ದಿದೆಯಂತೆ.

ಶ್ರೇಯಾಂಸ ಶೆಟ್ಟಿ
ಬರಹ ವೀರಕುಮಾರನದು

ಬೆಂಗಳೂರು
೧೮ ಡಿಸೆಂಬರ್ ೧೯೩೮

ತೀರ್ಥರೂಪ ಅಪ್ಪಯ್ಯನವರಿಗೆ ನಮಸ್ಕಾರಗಳು.

ಬಹಳ ದಿನ ಬರೆಯಲಾಗಲಿಲ್ಲ. ನವೆಂಬರಿನಿಂದ ನಮಗೆ ಹಗಲಿನ ಕೆಲಸ ತಪ್ಪಿತು. ಮಧ್ಯಾಹ್ನ ಹನ್ನೆರಡಕ್ಕೆ ವಾರ್ಡಿಗೆ ಹೋದರೆ ಬಿಡುವುದು ಎಂಟಕ್ಕೆ. ನಡುವೆ ಹೊರಗೆ ಬರುವಂತಿಲ್ಲ, ಸೋಂಕಿನ ಭಯಕ್ಕೆ ಅನ್ನವನ್ನು ಒಳಗೆ ಒಯ್ಯುವಂತೆಯೂ ಇಲ್ಲ. ಕಲಿಯಲು ಬಂದವರೆಲ್ಲ ಈ ಪಾಳಿ ಮಾಡಲೇಬೇಕು. ನನ್ನದು ಎದೆಯ ರೋಗದ ಹೆಂಗಸರ ವಾರ್ಡು. ಅವರಿಗೆ ನನ್ನ ಕೈಯೇ ಬೇಕು, ಒಬ್ಬ ಅಜ್ಜಿ ನಾನು ಬರುವವರೆಗೆ ಔಷಧಿ ಕುಡಿಯುವುದಿಲ್ಲ. ಈ ಕೆಲಸ ನನಗೆ ಕೂಡಿಬಂದಿದೆ ಅಪ್ಪಯ್ಯ. ಇಷ್ಟು ಮಾತ್ರ ನಿಮಗೆ ತಿಳಿದಿರಲಿ.

ಇಲ್ಲಿ ಒಬ್ಬ ಹುಡುಗಿ ಇದ್ದಾಳೆ. ಬೇರೆ ಊರಿನವಳು, ನಮ್ಮವಳೇ. ಅವಳಿಗೂ ಮನೆಯಲ್ಲಿ ನನ್ನಂಥದೇ ನೇಮ ಕೊಟ್ಟು ಕಳಿಸಿದ್ದಾರೆ. ಬೆಳಿಗ್ಗೆ ಹನ್ನೊಂದಕ್ಕೆ ಉಂಡರೆ ಅವಳಿಗೆ ಮತ್ತೆ ಅನ್ನ ಸಿಗುವುದು ಮರುದಿನ ಬೆಳಿಗ್ಗೆ. ಸಂಜೆ ಬಕೆಟ್ಟು ಎತ್ತುವಾಗ ಗೋಡೆ ಹಿಡಿಯುತ್ತಾಳೆ. ಹೀಗೇ ಆದರೆ ಮನೆಗೆ ಕಳಿಸುತ್ತೇವೆ ಎಂದು ಮೇಟ್ರನ್ ಅವಳಿಗೆ ಹೇಳಿದ್ದಾರೆ. ನೇಮ ಕೊಟ್ಟವರೇ ಅದನ್ನು ಬಿಡಿಸಬಹುದೇ ಎಂದು ಅವಳು ಕೇಳುತ್ತಾಳೆ. ಅಪ್ಪಯ್ಯನನ್ನು ಕೇಳಿ ಹೇಳುತ್ತೇನೆ ಎಂದಿದ್ದೇನೆ. ನಿಧಾನವಾಗಿ ಯೋಚಿಸಿ ಬರೆಯಿರಿ. ಬೇಗ ಬರೆಯಿರಿ.

ನಿಮ್ಮ ಮಗಳು,
ಮಾಲಿನಿ

ಮೇಳಿಗೆ
೨ ಜನವರಿ ೧೯೩೯

ಚಿ. ಮಾಲಿನಿಗೆ ಆಶೀರ್ವಾದಗಳು.

ಆ ಹುಡುಗಿಯ ವಿಷಯ ಇಲ್ಲಿ ಒಂದು ದಿನವೆಲ್ಲ ಚರ್ಚೆಯಾಯಿತು. ಪಂಡಿತರೂ ಜಗಲಿಗೆ ಬಂದಿದ್ದರು. ಎಲ್ಲರದೂ ಒಂದೇ ಅಭಿಪ್ರಾಯ. ಸುಲಭದಲ್ಲಿ ನಡೆಯುವುದಕ್ಕೆ ನೇಮ ಎಂದು ಯಾಕೆ ಹೆಸರು? ಹಸಿವು ಅದರ ಹೊತ್ತು ಕಳೆದರೆ ತಾನೇ ಹೋಗುತ್ತದೆ. ನಮ್ಮ ಮಾಲಿನಿಯನ್ನು ನೋಡಿ ಧೈರ್ಯ ತಂದುಕೊ ಎಂದು ಅವಳಿಗೆ ಹೇಳು.

ಪದ್ಮಲತಾಳ ನಿಶ್ಚಿತಾರ್ಥ ಫೆಬ್ರವರಿ ಇಪ್ಪತ್ತೇಳಕ್ಕೆ. ನಿನಗೆ ರಜೆ ಸಿಗುವುದಿಲ್ಲವೆಂದು ಗೊತ್ತು.

ಈ ಸಲ ನೀನು ತೂಕ ಬರೆಯಲಿಲ್ಲ.

ಶ್ರೇಯಾಂಸ ಶೆಟ್ಟಿ
ಬರಹ ವೀರಕುಮಾರನದು

ಜಗಲಿಯಲ್ಲಿ ಓದಿದ ಕಾಗದ, ಬರೆದ ಕಾಗದ ಅಲ್ಲಿಗೆ ಮುಗಿದವು. ಮುಂದಿನದನ್ನು ಗುತ್ಯಮ್ಮ ಕಣ್ಣಲ್ಲಿ ಕಂಡಿದ್ದಳು, ಕಿವಿಯಲ್ಲಿ ಕೇಳಿರಲಿಲ್ಲ.

ಫೆಬ್ರವರಿಯಲ್ಲಿ ಇನ್ನೊಂದು ಕಾಗದ ಬಂತಂತೆ, ದಪ್ಪ ಲಕೋಟೆ. ಜನ ಸೇರಿದರು. ಮೇಷ್ಟ್ರು ಒಡೆದು, ಮೊದಲ ಹಾಳೆ ನೋಡಿ, ಜಗಲಿಯಲ್ಲಿ ಕೂತವರನ್ನು ನೋಡಿ, ಅದನ್ನು ಮಡಿಸಿ ಶೆಟ್ಟರ ಕೈಯಲ್ಲಿಟ್ಟು, ಇದು ನೀವೇ ಓದುವಂಥದ್ದು ಎಂದು ಎದ್ದು ಹೋದರು. ಶೆಟ್ಟರು ಹಿತ್ತಿಲಿಗೆ ಬಂದರು. ಅಲ್ಲಿ ಬೆಳಕು ಚೆನ್ನಾಗಿತ್ತು; ಗುತ್ಯಮ್ಮ ಒಬ್ಬಳೇ ಇದ್ದಳು, ಅವಳು ಓದು ಬಾರದವಳು. ಹಾಳೆಯನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು, ಒಂದೊಂದಾಗಿ ನಾಲ್ಕು ಹಾಳೆ ಓದಿದರು. ಓದಿ ಒರಳಿನ ಕಟ್ಟೆಯ ಮೇಲೆ ಕೂತರು.

"ಗುತ್ತೀ, ನಿನ್ನ ಮಗಳು ಹಸಿದ್ರೆ ನೀನು ಯಾರನ್ನ ಕೇಳ್ತೀಯೆ?"

"ಯಾರನ್ನ ಕೇಳೋದು ಶೆಟ್ರೇ? ಮಡಕೆ ನೋಡ್ತೀನಿ."

ಶೆಟ್ಟರು ಕಾಗದವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಒಳಗೆ ಹೋದರು. ಅವತ್ತೇ ಬರೆಯುತ್ತಾರೆ ಎಂದು ಗುತ್ಯಮ್ಮ ಅಂದುಕೊಂಡಳು. ಬರೆಯಲಿಲ್ಲ. ಮರುದಿನವೂ ಇಲ್ಲ. ಮನೆಯಲ್ಲಿ ನಿಶ್ಚಿತಾರ್ಥದ ಕೆಲಸ ಶುರುವಾಗಿತ್ತು. ತೀರ್ಥಹಳ್ಳಿಯ ಬೀಗರು ಬಂದುಹೋಗುತ್ತಿದ್ದರು, ಬಂದಾಗಲೆಲ್ಲ ಅಕ್ಕನ ನೇಮವನ್ನು ಹೊಗಳುತ್ತಿದ್ದರು. ಶೆಟ್ಟರು ಹೊಗಳಿಕೆ ಕೇಳುತ್ತಾ ಸೊಂಟದ ಮೇಲೆ ಕೈ ಇಟ್ಟುಕೊಂಡು ಕೂತಿರುತ್ತಿದ್ದರು. ಹೊಟ್ಟೆನೋವಾ ಎಂದು ಬೀಗರೊಬ್ಬರು ಕೇಳಿದರಂತೆ.

ಹದಿನೇಳು ದಿನ ಹೀಗೆ ಹೋಯಿತು. ನಿಶ್ಚಿತಾರ್ಥ ಚೆನ್ನಾಗಿ ನಡೆಯಿತು. ಮರುದಿನ ಬೆಳಕು ಹರಿಯುತ್ತಲೇ ಶೆಟ್ಟರು ಮೇಷ್ಟ್ರನ್ನು ಕರೆಸದೆ, ಒರಳುಕಟ್ಟೆಯ ಮೇಲೆ ತಾವೇ ಬರೆದು, ಲಕೋಟೆ ಅಂಟಿಸಿ, "ಯಾರ ಕೈಗೂ ಕೊಡಬೇಡ, ನೀನೇ ಹಾಕಿ ಬಾ" ಎಂದು ಗುತ್ಯಮ್ಮನಿಗೆ ಕೊಟ್ಟರು. ತೀರ್ಥಹಳ್ಳಿಯ ಅಂಚೆ ಕಚೇರಿಗೆ ಎರಡು ಹರದಾರಿ. ನಡೆದು ಹೋಗಿ ಹಾಕಿದಳು.

ಮಾರ್ಚಿ ತಿಂಗಳಲ್ಲಿ ಮಗಳು ತೀರಿಹೋದ ಸುದ್ದಿ ಬಂತು. ಹಿಂದೆಯೇ ಒಂದು ಟ್ರಂಕು. ಅದರಲ್ಲಿದ್ದ ಕಾಗದಗಳನ್ನೂ ಮನೆಯಲ್ಲಿದ್ದವನ್ನೂ ಸೇರಿಸಿ ಕಟ್ಟಿ, ಒಲೆಗೆ ಹಾಕು ಎಂದು ಶೆಟ್ಟರು ಗುತ್ಯಮ್ಮನ ಕೈಗೆ ಕೊಟ್ಟರು. ಅವಳು ಒಲೆಗೆ ಸೌದೆ ಹಾಕಿ, ಕಟ್ಟನ್ನು ಮಡಿಲಿಗೆ ಹಾಕಿಕೊಂಡಳು.

ಇಷ್ಟು ಹೇಳಿ ಗುತ್ಯಮ್ಮ ಕೈ ಒರೆಸಿಕೊಂಡು, ಮನೆಗೆ ಹೋಗಿ ಆ ಕಟ್ಟನ್ನು ತಂದು ಬಿಚ್ಚಿ, ಕೆಳಗಿನ ಮೂರು ಕಾಗದಗಳನ್ನು ನನ್ನ ಮುಂದಿಟ್ಟಳು. "ಇವನ್ನ ಯಾರೂ ಓದಿ ಹೇಳಿಲ್ಲ. ಏಳು ವರ್ಷ ಆಯ್ತು. ನಾನು ನಡೆದು ಹೋಗಿ ಹಾಕಿದ್ದು ಅವರ ಕೈ ಸೇರಿತಾ, ಇಲ್ವಾ, ಅಷ್ಟು ನೋಡು" ಅಂದಳು. ನಿಟ್ಟೂರಿನ ಆ ಕೇರಿಗೆಲ್ಲ ಕಾಗದ ಓದುವುದು ನಾನೇ. ಅಂಗಳಕ್ಕೆಲ್ಲ ಕೇಳುವ ಹಾಗೆ ಓದಿದೆ.

ಬೆಂಗಳೂರು
೬ ಫೆಬ್ರವರಿ ೧೯೩೯

ಅಪ್ಪಯ್ಯ, ಇದನ್ನು ನೀವೇ ಓದಿ. ನಿಮಗೆ ಕಾಣಲಿ ಎಂದು ದೊಡ್ಡದಾಗಿ ಬರೆದಿದ್ದೇನೆ.

ಆ ಹುಡುಗಿ ನಾನು.

ಉಣ್ಣು ಎಂದು ನೀವು ಬರೆದರೆ ಉಣ್ಣುತ್ತೇನೆ.

ತೂಕ ಎಪ್ಪತ್ತೊಂಬತ್ತು.

ಮಾಲಿನಿ

ಒಂದೊಂದು ಮಾತಿಗೆ ಒಂದೊಂದು ಹಾಳೆ. ಅಕ್ಷರಗಳು ಹೆಬ್ಬೆರಳಿನಷ್ಟು ಉದ್ದ. ಮುಂದಿನದು ಶೆಟ್ಟರ ಕೈಬರಹ. ಸಾಲಿನ ಮೇಲೆ ಸಾಲು ಹತ್ತಿತ್ತು, ಬಿಡಿಸಿ ಓದಲು ಹೊತ್ತು ಹಿಡಿಯಿತು.

ಮೇಳಿಗೆ
೨೮ ಫೆಬ್ರವರಿ ೧೯೩೯

ಮಗಳೇ, ನಾನೇ ಬರೆಯುತ್ತಿದ್ದೇನೆ.

ಉಣ್ಣು. ಹೊತ್ತು ನೋಡಬೇಡ.

ಸ್ವಾಮಿಯ ಎದುರು ನುಡಿದದ್ದು ನೀನು, ನುಡಿಸಿದ್ದು ನಾನು. ಪಾಪ ಇದ್ದರೆ ನನಗಿರಲಿ.

ನಿನ್ನ ಕಾಗದ ಬಂದು ಹದಿನೇಳು ದಿನವಾಯಿತು. ಯಾಕೆಂದು ಕೇಳಬೇಡ.

ಅಪ್ಪಯ್ಯ

ಬೆಂಗಳೂರು
೯ ಮಾರ್ಚ್ ೧೯೩೯

ಮಾನ್ಯ ಶ್ರೇಯಾಂಸ ಶೆಟ್ಟರಿಗೆ ಮನೋರಮಾ ಮಾಡುವ ನಮಸ್ಕಾರಗಳು.

ತಂತಿ ತಲುಪಿರಬಹುದು. ಮಾಲಿನಿ ಅಕ್ಕನ ಕೋಣೆಯಲ್ಲಿ ಇದ್ದವಳು ನಾನು, ಹಾಗಾಗಿ ಬರೆ ಎಂದು ಮೇಟ್ರನ್ ಹೇಳಿದರು.

ಫೆಬ್ರವರಿ ಎಂಟರಂದು ಅಕ್ಕ ವಾರ್ಡಿನಲ್ಲಿ ಬಿದ್ದರು. ರೋಗಿಗಳ ಎದೆಯ ರೋಗ ಅವರಿಗೂ ಹತ್ತಿತ್ತು. ತಡೆಯುವ ಶಕ್ತಿ ಮೈಯಲ್ಲಿ ಉಳಿದಿರಲಿಲ್ಲ ಎಂದು ಡಾಕ್ಟರು ಹೇಳಿದರು. ತಾವು ಕೆಲಸ ಮಾಡುತ್ತಿದ್ದ ವಾರ್ಡಿನಲ್ಲೇ ಒಂದು ಮಂಚದಲ್ಲಿ ಮಲಗಿದರು. ಬೆಳಿಗ್ಗೆ, ಮಧ್ಯಾಹ್ನ ಎರಡು ತುತ್ತು ತೆಗೆದುಕೊಳ್ಳುತ್ತಿದ್ದರು. ಸಂಜೆಯಾದರೆ ಬಾಯಿ ಮುಚ್ಚುತ್ತಿದ್ದರು. ನಾವೆಲ್ಲ ಬೇಡಿಕೊಂಡೆವು. ಅಪ್ಪಯ್ಯನ ಕಾಗದ ಬರಲಿ ಎನ್ನುತ್ತಿದ್ದರು. ಅಂಚೆಯವನು ಬಂದನೇ ಎಂದು ದಿನವೂ ಕೇಳುತ್ತಿದ್ದರು.

ನಿಮ್ಮ ಕಾಗದ ನಾಲ್ಕನೆಯ ತಾರೀಕು ಬಂತು. ನಾನು ಕೆಲಸ ಮುಗಿಸಿ ಒಯ್ದು ಕೊಟ್ಟಾಗ ದೀಪ ಹಚ್ಚಿದ್ದರು. ಲಕೋಟೆಯ ಮೇಲಿನ ಬರಹ ನೋಡಿಯೇ "ಇದು ಅಪ್ಪಯ್ಯನ ಕೈ" ಎಂದರು. ಓದಿದರು. ಓದಿ ನನಗೆ, "ಗಂಜಿ ತಾ" ಎಂದರು. ಓಡಿಹೋಗಿ ತಂದೆ. ಒಂದು ಚಮಚ ಬಾಯಿಗೆ ಹಾಕಿದೆ. ಗಂಟಲಲ್ಲಿ ಇಳಿಯಲಿಲ್ಲ. ಬಾಯಲ್ಲೇ ಇಟ್ಟುಕೊಂಡು ಬಹಳ ಹೊತ್ತು ನನ್ನನ್ನು ನೋಡಿದರು. ಆಮೇಲೆ ಬಟ್ಟೆಯಲ್ಲಿ ಒರೆಸಿ ತೆಗೆದೆ. ಏಳನೆಯ ತಾರೀಕು ಬೆಳಿಗ್ಗೆ ಹೋದರು.

ಟ್ರಂಕು ಕಳಿಸಿದ್ದೇವೆ. ನಿಮ್ಮ ಕಾಗದಗಳೆಲ್ಲ ಅದರಲ್ಲಿವೆ. ಕೊನೆಯದು ತಲೆದಿಂಬಿನ ಅಡಿಯಲ್ಲಿತ್ತು, ಅದನ್ನೂ ಇಟ್ಟಿದ್ದೇನೆ.

ಇಂತಿ,
ಮನೋರಮಾ

ಓದಿ ಮುಗಿಸಿದಾಗ ಚಾಪೆಯ ಮೇಲಿನ ಹಪ್ಪಳಗಳು ಅಂಚು ಮುದುರಿ ಒಣಗಿದ್ದವು. ಯಾರೂ ತಿರುವಿ ಹಾಕಿರಲಿಲ್ಲ. "ಕೈ ಸೇರಿತ್ತು ಹಾಗಾದ್ರೆ" ಎಂದಳು ಗುತ್ಯಮ್ಮ. ಇನ್ನೊಂದು ಉಂಡೆ ತೆಗೆದುಕೊಂಡು ಒತ್ತತೊಡಗಿದಳು.

ಮರುದಿನ ಬೆಳಿಗ್ಗೆ ಹೆಂಗಸರು ಮತ್ತೆ ಬಂದರು, ಉಳಿದ ಹಿಟ್ಟು ಮುಗಿಯಬೇಕಿತ್ತಲ್ಲ. ಹೊತ್ತೇರುವಾಗ ಅಂಚೆಯವನು ಬಂದು ಹುಲಿಯಮ್ಮ ಚಿಕ್ಕಮ್ಮನಿಗೆ ಒಂದು ಕಾಗದ ಕೊಟ್ಟುಹೋದ. ಅವಳ ಮಗಳು ಮಹಾಲಕ್ಷ್ಮೀಯನ್ನು ಹೋದ ವರ್ಷ ಸಾಗರದ ಕಡೆಗೆ ಕೊಟ್ಟಿದ್ದರು. ತಿಂಗಳಿಗೊಂದು ಕಾಗದ ಬರೆಯುತ್ತಿದ್ದಳು. ಎಲ್ಲವನ್ನೂ ನಾನು ಜಗಲಿಯಲ್ಲಿ ಕೂತು, ಗಂಟಲೆತ್ತಿ, ಕೇರಿಯವರಿಗೆಲ್ಲ ಕೇಳುವಂತೆ ಓದಿದ್ದೆ. ಎಲ್ಲದರಲ್ಲೂ ಕ್ಷೇಮ ಎಂದಿತ್ತು. ಅವತ್ತೂ ಜಗಲಿಯಲ್ಲಿ ಕೂತು ಲಕೋಟೆಗೆ ಕೈ ಹಾಕಿದೆ. ಚಿಕ್ಕಮ್ಮ ನನ್ನ ಕೈ ಹಿಡಿದು, "ಇಲ್ಲಿ ಬೇಡ, ಒಳಗೆ ಬಾ. ನನಗೊಬ್ಬಳಿಗೆ ಕೇಳಿದ್ರೆ ಸಾಕು" ಅಂದಳು. ಒಳಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡೆವು. ಆ ಕಾಗದವನ್ನು ಮಾತ್ರವಲ್ಲ, ಹಳೆಯವನ್ನೂ ಪೆಟ್ಟಿಗೆಯಿಂದ ತೆಗೆದು, ಮತ್ತೊಮ್ಮೆ ಮೊದಲಿಂದ ಮೆಲ್ಲಗೆ ಓದು ಎಂದಳು. ಮಹಾಲಕ್ಷ್ಮೀ ಏನು ಬರೆದಿದ್ದಳು ಎಂದು ನಾನು ಇಲ್ಲಿ ಬರೆಯುವುದಿಲ್ಲ.

ಹೊರಗೆ ಹೆಂಗಸರು ಬಾಗಿಲಿಗೆ ಬೆನ್ನು ಮಾಡಿ ಕೂತಿದ್ದರು. ಗುತ್ಯಮ್ಮ, ಒಳಗಿನ ಒಂದು ಮಾತೂ ಯಾರ ಕಿವಿಗೂ ಬೀಳದ ಹಾಗೆ, ಅಂಗಳಕ್ಕೆಲ್ಲ ಕೇಳುವಷ್ಟು ದೊಡ್ಡ ದನಿಯಲ್ಲಿ ರಾಜ ರಾಣಿಯ ಕಥೆ ಶುರುಮಾಡಿದ್ದಳು.